ಮಕ್ಕಳ ಲಸಿಕೆಯ ಕ್ಲೇಮು: ಸೂಜಿ ಎಷ್ಟು ಅಂತಲ್ಲ, ರೋಗ ಎಷ್ಟು ಅಂತ ಎಣಿಸಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ನರ್ಸಿಂಗ್, ಬಿ.ಫಾರ್ಮ್, ಬಿಎಸ್ಸಿ ಮುಗಿಸಿ ಅಮೆರಿಕದ ಕ್ಲಿನಿಕ್ಕುಗಳ ಬಿಲ್ಲಿಂಗ್ ಕೆಲಸಕ್ಕೆ ಸೇರುವವರಿಗೆ ಮಕ್ಕಳ ಡಾಕ್ಟರ ಚಾರ್ಟು ಬೇಗನೆ ಕೈಗೆ ಬರುತ್ತದೆ. ಮಗು ಆರೋಗ್ಯವಾಗಿದೆ, ಲಸಿಕೆ ಹಾಕಿದ್ದಾರೆ, ಇದರಲ್ಲಿ ಕಷ್ಟ ಏನಿದೆ ಅನ್ನಿಸುತ್ತದೆ. ಆದರೆ ಎರಡು ತಿಂಗಳ ಕೂಸಿನ ಒಂದೇ ಭೇಟಿಗೆ ಕ್ಲೇಮಿನಲ್ಲಿ, ಅಂದರೆ ಇನ್ಷೂರೆನ್ಸ್ ಕಂಪನಿಗೆ ಕಳಿಸುವ ಬಿಲ್ಲಿನಲ್ಲಿ, ಏಳು ಲೈನ್ ಏಳುತ್ತವೆ. ಅದರಲ್ಲಿ ಒಂದು ಯೂನಿಟ್ ಕಡಿಮೆ ಬರೆದರೆ ಕ್ಲಿನಿಕ್ಕಿಗೆ ಬರಬೇಕಾದ ದುಡ್ಡು ಬರುವುದಿಲ್ಲ, ಒಂದು ಹೆಚ್ಚು ಬರೆದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿನ ಮಕ್ಕಳ ಕ್ಲಿನಿಕ್ಕುಗಳು ಖಾಸಗಿ ಲಸಿಕೆಯನ್ನು ಮೊದಲೇ ದುಡ್ಡು ಕೊಟ್ಟು ತಂದು ಫ್ರಿಜ್‌ನಲ್ಲಿ ಇಟ್ಟಿರುತ್ತವೆ. ಕ್ಲೇಮು ಪದೇ ಪದೇ ತಿರುಗಿ ಬಂದರೆ ಸಣ್ಣ ಕ್ಲಿನಿಕ್ಕು ಲಸಿಕೆ ತರಿಸುವುದನ್ನೇ ಕಡಿಮೆ ಮಾಡುತ್ತದೆ. ಅದರ ಪೆಟ್ಟು ಬೀಳುವುದು ಮಕ್ಕಳಿಗೆ. ಅದಕ್ಕೇ ಈ ಕೆಲಸವನ್ನು ಹಗುರವಾಗಿ ನೋಡಬಾರದು.

ಚಾರ್ಟು ತೆರೆದ ಕೂಡಲೇ ಮೂರು ಪ್ರಶ್ನೆಗೆ ಉತ್ತರ ಹುಡುಕಿ. ತಾಯಿತಂದೆಯ ಜೊತೆ ಲಸಿಕೆಯ ಬಗ್ಗೆ ಮಾತಾಡಿದವರು ಯಾರು? ಹಾಕಿದ್ದು ಯಾವ ಕಂಪನಿಯ ಯಾವ ಲಸಿಕೆ? ಆ ಲಸಿಕೆ ಕ್ಲಿನಿಕ್ಕು ಕೊಂಡದ್ದೋ, ಸರ್ಕಾರ ಪುಕ್ಕಟೆ ಕೊಟ್ಟದ್ದೋ? ಇವಿಷ್ಟು ಗೊತ್ತಾದರೆ ಮುಕ್ಕಾಲು ಕ್ಲೇಮು ಮುಗಿದಂತೆ.

ಮೊದಲು ಮಾತಿನ ವಿಷಯ. ಪ್ರತಿ ಲಸಿಕೆಗೂ ಎರಡು ಬಗೆಯ ಸಿಪಿಟಿ ಕೋಡ್ (ಮಾಡಿದ ಕೆಲಸವನ್ನು ಹೇಳುವ ಐದಂಕಿಯ ಸಂಖ್ಯೆ) ಬೇಕು: ಒಂದು ಲಸಿಕೆಯದ್ದು, ಇನ್ನೊಂದು ಅದನ್ನು ಹಾಕಿದ ಕೆಲಸದ್ದು. ಹಾಕಿದ ಕೆಲಸಕ್ಕೆ ಎರಡು ಗುಂಪುಗಳಿವೆ. ಮಗುವಿಗೆ 19 ವರ್ಷ ತುಂಬಿರಬಾರದು, ಮತ್ತು ಡಾಕ್ಟರು, ನರ್ಸ್ ಪ್ರಾಕ್ಟಿಷನರ್ ಅಥವಾ ಫಿಜಿಷಿಯನ್ ಅಸಿಸ್ಟೆಂಟ್ ಅದೇ ದಿನ ಎದುರಿಗೆ ಕೂತು ಆ ಲಸಿಕೆಯ ಬಗ್ಗೆ ತಿಳಿಸಿ ಹೇಳಿರಬೇಕು. ಆಗ 90460 ಮತ್ತು 90461. ಬರೀ ನರ್ಸ್ ಹೇಳಿ ನರ್ಸೇ ಹಾಕಿದ್ದರೆ, ಅಥವಾ ವಯಸ್ಸು 19 ಆಗಿದ್ದರೆ, 90471ರಿಂದ 90474ರವರೆಗಿನ ಗುಂಪು. ನಮ್ಮ ಕಡೆ ಲಸಿಕೆಯ ಬಗ್ಗೆ ತಾಯಂದಿರಿಗೆ ಬಿಡಿಸಿ ಹೇಳುವವರು ಎಎನ್‌ಎಂ, ಆಶಾ, ಸ್ಟಾಫ್ ನರ್ಸು. ಅದನ್ನೇ ನೋಡಿ ಬೆಳೆದವರಿಗೆ ನರ್ಸ್ ಹೇಳಿದ್ದೂ ಕೌನ್ಸೆಲಿಂಗೇ ಅನ್ನಿಸುವುದು ಸಹಜ. ಎಷ್ಟೇ ಚೆನ್ನಾಗಿ ಹೇಳಿರಲಿ, 90460ಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ. ಸೂಜಿ ಯಾರು ಚುಚ್ಚಿದರು ಅನ್ನುವುದು ಇಲ್ಲಿ ಮುಖ್ಯವಲ್ಲ. ಡಾಕ್ಟರು ಮಾತಾಡಿ ನರ್ಸ್ ಚುಚ್ಚಿದರೂ 90460 ನಡೆಯುತ್ತದೆ.

ಇದು ಚಾರ್ಟಿನಲ್ಲಿ ಕಾಣಬೇಕು. ಯಾವ ಲಸಿಕೆಗಳ ಬಗ್ಗೆ, ಲಾಭ, ಅಡ್ಡಪರಿಣಾಮ ಏನು ಹೇಳಿದರು, ಪಾಲಕರು ಒಪ್ಪಿದರೇ ಅನ್ನುವುದು ಡಾಕ್ಟರ ಬರಹದಲ್ಲೇ ಇರಲಿ. ಕೆಲವು ಕ್ಲಿನಿಕ್ಕುಗಳ ಟೆಂಪ್ಲೇಟಿನಲ್ಲಿ ಈ ಸಾಲು ತಾನಾಗಿಯೇ ಬಂದು ಕೂರುತ್ತದೆ, ಡಾಕ್ಟರು ಆ ದಿನ ಮಗುವನ್ನು ನೋಡದಿದ್ದರೂ. ಎರಡನೇ ಫ್ಲೂ ಡೋಸಿಗೆ ಬಂದ ಮಗುವಿನ ನರ್ಸ್ ಭೇಟಿಯಲ್ಲಿ ಇಂಥ ಸಾಲು ಕಂಡರೆ ಕಣ್ಣು ಮುಚ್ಚಿ 90460 ಹಾಕಬೇಡಿ, ಕ್ಲಿನಿಕ್ಕಿಗೆ ಕ್ವೆರಿ ಕಳಿಸಿ.

ಈಗ ಎಣಿಕೆ. ಇಲ್ಲೇ ಹೆಚ್ಚಿನವರು ಎಡವುವುದು. 90460 ಪ್ರತಿ ಲಸಿಕೆಯ ಮೊದಲ ಕಾಂಪೊನೆಂಟಿಗೆ, 90461 ಅದೇ ಲಸಿಕೆಯ ಉಳಿದ ಪ್ರತಿ ಕಾಂಪೊನೆಂಟಿಗೆ. ಕಾಂಪೊನೆಂಟ್ ಅಂದರೆ ಒಂದು ಜೀವಾಣುವಿನಿಂದ ಬರುವ ರೋಗವನ್ನು ತಡೆಯುವ ಭಾಗ. ಅಂಗನವಾಡಿಯಲ್ಲಿ 6, 10, 14 ವಾರಕ್ಕೆ ಹಾಕುವ ಪೆಂಟಾವೇಲೆಂಟ್ ಗೊತ್ತಿದ್ದವರಿಗೆ ಇದು ಬೇಗ ತಲೆಗೆ ಹೋಗುತ್ತದೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಒಂದು ಬ್ಯಾಕ್ಟೀರಿಯಾದ ಸೋಂಕು). ಒಂದೇ ಸೂಜಿ, ಐದು ರೋಗ. ಅಮೆರಿಕದ ಲೆಕ್ಕದಲ್ಲಿ ಇಂಥದ್ದಕ್ಕೆ 90460 ಒಂದು, 90461 ನಾಲ್ಕು ಆಗುತ್ತದೆ.

ಆದರೆ ಅಲ್ಲಿನ ಐದರ ಲಸಿಕೆಗಳು ನಮ್ಮದಲ್ಲ. ಪೀಡಿಯಾರಿಕ್ಸ್‌ನಲ್ಲಿ ಹಿಬ್ ಇಲ್ಲ, ಅದರ ಬದಲು ಪೋಲಿಯೊ ಇದೆ, ಕೋಡ್ 90723. ಪೆಂಟಾಸೆಲ್‌ನಲ್ಲಿ ಹಿಬ್ ಮತ್ತು ಪೋಲಿಯೊ ಇವೆ, ಹೆಪಟೈಟಿಸ್ ಬಿ ಇಲ್ಲ, ಕೋಡ್ 90698. ಆರೂ ಇರುವುದು ವ್ಯಾಕ್ಸೆಲಿಸ್, 90697. ಪೆಂಟಾಸೆಲ್ ಎರಡು ಬಾಟಲಿಯಲ್ಲಿ ಬರುತ್ತದೆ: ಒಂದರಲ್ಲಿ ದ್ರವ, ಇನ್ನೊಂದರಲ್ಲಿ ಹಿಬ್ ಪುಡಿ. ಪುಡಿಯನ್ನು ಆ ದ್ರವದಲ್ಲೇ ಕಲಸಿ ಒಂದೇ ಸೂಜಿ ಹಾಕುತ್ತಾರೆ. ನರ್ಸ್ ಎರಡೂ ಬಾಟಲಿಯ ಲಾಟ್ ನಂಬರ್ ಬರೆದಿದ್ದರೆ ಹೊಸ ಕೋಡರ್ ಹಿಬ್‌ಗೆ ಬೇರೆ 90648 ಹಾಕಿಬಿಡುತ್ತಾರೆ. ಅದು ಎರಡು ಸಲ ಬಿಲ್ ಮಾಡಿದಂತೆ.

ಹೆಸರಿನಲ್ಲಿರುವ ಸಂಖ್ಯೆಯೂ ಮೋಸ ಮಾಡುತ್ತದೆ. ಪ್ರೆವ್ನಾರ್ 20ರಲ್ಲಿ ನ್ಯುಮೊಕಾಕಸ್‌ನ 20 ಬಗೆಗಳಿವೆ, ಆದರೂ ಕಾಂಪೊನೆಂಟ್ ಒಂದೇ, ಕೋಡ್ 90677. ಗಾರ್ಡಸಿಲ್ 9ಕ್ಕೂ ಒಂದೇ, 90651. ಮೆನಿಂಗೊಕಾಕಸ್‌ನ ಎ, ಸಿ, ಡಬ್ಲ್ಯು, ವೈ ನಾಲ್ಕೂ ಸೇರಿ ಒಂದೇ. ಫ್ಲೂ, ರೋಟಾವೈರಸ್, ಪೋಲಿಯೊ ಇವಕ್ಕೂ ಅಷ್ಟೇ. ಎಂಎಂಆರ್‌ಗೆ ಮಾತ್ರ ದಡಾರ, ಮಂಗನಬಾವು, ರುಬೆಲ್ಲಾ ಅಂತ ಮೂರು. ಚಿಕನ್‌ಪಾಕ್ಸ್ ಸೇರಿದ ಪ್ರೊಕ್ವಾಡ್‌ಗೆ ನಾಲ್ಕು. ನಮ್ಮ ಸರ್ಕಾರಿ ಲಸಿಕೆಯಲ್ಲಿರುವುದು ಎಂಆರ್, ಅದರಲ್ಲಿ ಮಂಗನಬಾವು ಇಲ್ಲ. ಆ ಎರಡರ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ.

ತಲೆಬಿಸಿ ಇಲ್ಲದ ಸೂತ್ರ ಒಂದಿದೆ. ಡಾಕ್ಟರು ಮಾತಾಡಿದ ಲಸಿಕೆಗಳು ಎಷ್ಟೋ ಅಷ್ಟು 90460. ಎಲ್ಲ ಲಸಿಕೆಗಳ ಕಾಂಪೊನೆಂಟ್ ಕೂಡಿಸಿ, ಅದರಿಂದ ಲಸಿಕೆಗಳ ಸಂಖ್ಯೆ ಕಳೆಯಿರಿ. ಉಳಿದದ್ದು 90461ರ ಯೂನಿಟ್.

ಎರಡು ತಿಂಗಳ ಕೂಸಿಗೆ ಪೀಡಿಯಾರಿಕ್ಸ್, ಹಿಬ್, ಪ್ರೆವ್ನಾರ್ 20, ಬಾಯಿಗೆ ರೋಟಾಟೆಕ್ ಹಾಕಿದ್ದಾರೆ ಅನ್ನಿ. ಕಾಂಪೊನೆಂಟ್ 5, 1, 1, 1, ಒಟ್ಟು 8. ಲಸಿಕೆ 4. ಹಾಗಾದರೆ ಕ್ಲೇಮು ಹೀಗೆ:

99391-25 (ಮಗುವಿನ ತಪಾಸಣೆ; 25ರ ಅರ್ಥ ಮುಂದೆ ಬರುತ್ತದೆ), ಯೂನಿಟ್ 1
90723, ಯೂನಿಟ್ 1
90648, ಯೂನಿಟ್ 1
90677, ಯೂನಿಟ್ 1
90680, ಯೂನಿಟ್ 1
90460, ಯೂನಿಟ್ 4
90461, ಯೂನಿಟ್ 4

ಇದೇ ಕೂಸಿಗೆ ಪೀಡಿಯಾರಿಕ್ಸ್, ಹಿಬ್ ಬದಲು ವ್ಯಾಕ್ಸೆಲಿಸ್ ಒಂದೇ ಹಾಕಿದ್ದರೆ? ಲಸಿಕೆ 3, ಕಾಂಪೊನೆಂಟ್ ಮತ್ತೆ 8. 90460 ಮೂರು, 90461 ಐದು. ತಡೆದ ರೋಗ ಅಷ್ಟೇ, ಸೂಜಿ ಒಂದು ಕಡಿಮೆ. ನಾಲ್ಕು ವರ್ಷದ ಮಗುವಿಗೆ ಕಿನ್ರಿಕ್ಸ್ (ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಪೋಲಿಯೊ; 90696) ಮತ್ತು ಪ್ರೊಕ್ವಾಡ್ (90710): ತಲಾ ನಾಲ್ಕು, ಒಟ್ಟು 8, ಲಸಿಕೆ 2, ಹಾಗಾಗಿ 90460 ಎರಡು, 90461 ಆರು. ಹನ್ನೊಂದು ವರ್ಷಕ್ಕೆ ಟಿಡ್ಯಾಪ್ (ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು; 90715), ಎಚ್‌ಪಿವಿ, ಮೆನಿಂಗೊಕಾಕಸ್ ಮೂರೂ ಒಟ್ಟಿಗೆ ಬಂದರೆ 90460 ಮೂರು, 90461 ಎರಡು.

ರೋಟಾಟೆಕ್ ಬಾಯಿಗೆ ಹಾಕುವ ಹನಿ, ಅದಕ್ಕೂ 90460 ಸಲ್ಲುತ್ತದೆಯೇ? ಸಲ್ಲುತ್ತದೆ. 90460 ಯಾವ ದಾರಿಯಿಂದ ಹಾಕಿದರೂ ಸರಿ. ದಾರಿ ನೋಡಬೇಕಾದದ್ದು ಇನ್ನೊಂದು ಗುಂಪಿನಲ್ಲಿ: ಮೊದಲ ಸೂಜಿಗೆ 90471, ಮುಂದಿನ ಪ್ರತಿ ಸೂಜಿಗೆ 90472. ಬಾಯಿಗೆ ಅಥವಾ ಮೂಗಿಗೆ ಹಾಕುವುದು ಒಂದೇ ಇದ್ದರೆ 90473, ಸೂಜಿಯ ಜೊತೆ ಬಂದರೆ 90474. 90471 ಮತ್ತು 90473 ಎರಡೂ 'ಮೊದಲನೆಯದು' ಅನ್ನುವ ಕೋಡುಗಳು, ಒಂದೇ ದಿನ ಎರಡನ್ನೂ ಹಾಕಿದರೆ ಒಂದು ತಿರುಗಿ ಬರುತ್ತದೆ. ಈ ಗುಂಪಿನಲ್ಲಿ ಕಾಂಪೊನೆಂಟ್ ಎಣಿಕೆಯೇ ಇಲ್ಲ.

ಕೋವಿಡ್ ಲಸಿಕೆ ಈ ಎರಡು ಗುಂಪಿಗೂ ಸೇರುವುದಿಲ್ಲ, ಅದಕ್ಕೆ 90480. ಆರ್‌ಎಸ್‌ವಿ ಅನ್ನುವ ಉಸಿರಾಟದ ವೈರಸ್ಸಿಗೆ ಕೂಸುಗಳಿಗೆ ಕೊಡುವ ಬೇಫೋರ್ಟಸ್ ಲಸಿಕೆಯೇ ಅಲ್ಲ, ಅದು ತಯಾರಾದ ಆಂಟಿಬಾಡಿ. 5 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ 50 ಮಿಲಿಗ್ರಾಂ, 90380. 5 ಕಿಲೋ ಮತ್ತು ಮೇಲಕ್ಕೆ 100 ಮಿಲಿಗ್ರಾಂ, 90381. ಹಾಕಿದ್ದಕ್ಕೆ ಕೌನ್ಸೆಲಿಂಗ್ ಇದ್ದರೆ 96380, ಇಲ್ಲದಿದ್ದರೆ 96381. ಡಯಾಗ್ನೋಸಿಸ್ ಕೋಡ್ (ಭೇಟಿಯ ಕಾರಣ ಹೇಳುವ, ಐಸಿಡಿ ಪಟ್ಟಿಯ ಕೋಡ್) ಕೂಡ ಬೇರೆ, ಝಡ್29.11. ಇದನ್ನು 90460ರ ಲೆಕ್ಕಕ್ಕೆ ಸೇರಿಸುವ ತಪ್ಪು ಚಳಿಗಾಲದ ಕ್ಲೇಮುಗಳಲ್ಲಿ ಕಾಣಿಸುತ್ತದೆ.

ಲಸಿಕೆಯ ಬಾಟಲಿ ಅಂದ ಮೇಲೆ ಎನ್‌ಡಿಸಿ ನಂಬರು, ಅಂದರೆ ಅಮೆರಿಕದಲ್ಲಿ ಔಷಧಿಗೆ ಕೊಡುವ ಗುರುತಿನ ಸಂಖ್ಯೆ. ಡಬ್ಬಿಯ ಮೇಲೆ 10 ಅಂಕಿ ಇರುತ್ತದೆ, ಕ್ಲೇಮಿಗೆ 11 ಬೇಕು, 5-4-2 ರೂಪದಲ್ಲಿ. ಎಲ್ಲಿ ಅಂಕಿ ಕಡಿಮೆಯೋ ಆ ಭಾಗದ ಮುಂದೆ ಸೊನ್ನೆ. ಮರ್ಕ್ ಕಂಪನಿಯದು 0006ರಿಂದ ಶುರುವಾಗುವ 4-4-2, ಹಾಗಾಗಿ ಎಲ್ಲಕ್ಕಿಂತ ಮೊದಲು ಸೊನ್ನೆ ಸೇರಿಸಿ 00006 ಮಾಡಬೇಕು. ಜಿಎಸ್‌ಕೆಯ 58160 ಮತ್ತು ಸನೋಫಿಯ 49281 ಎರಡೂ 5-3-2, ಇಲ್ಲಿ ಸೊನ್ನೆ ನಡುವಿನ ಭಾಗದ ಮುಂದೆ. ಸೊನ್ನೆಯನ್ನು ಕೊನೆಗೆ ತುರುಕಿದರೆ ಅಂಕಿ 11 ಆಗುತ್ತದೆ, ಆದರೆ ಅಂಥ ಔಷಧಿಯೇ ಇರುವುದಿಲ್ಲ. ಕ್ಲೇಮು ಕಳಿಸುವ ಮೊದಲು ತಪ್ಪು ಹುಡುಕುವ ಸ್ಕ್ರಬರ್ ಸಾಫ್ಟ್‌ವೇರ್ ಅಂಕಿ ಎಣಿಸಿ ಬಿಟ್ಟುಬಿಡುತ್ತದೆ, ದುಡ್ಡು ಕೊಡುವ ಪೇಯರ್ ಬಿಡುವುದಿಲ್ಲ. ಕ್ಲೇಮಿನಲ್ಲಿ ಗೀಟು ಹಾಕದೆ ಎನ್4 ಅಂತ ಬರೆದು ಅದಕ್ಕೆ ಅಂಟಿಸಿ ನಂಬರು, ಆಮೇಲೆ ಅಳತೆ ಮತ್ತು ಪ್ರಮಾಣ. ದ್ರವ ರೂಪದ್ದಾದರೆ ಎಂಎಲ್: ಪ್ರೆವ್ನಾರ್ 20ಕ್ಕೆ 0.5, ರೋಟಾಟೆಕ್‌ಗೆ 2. ಪುಡಿಯನ್ನು ಕಲಸಿ ಹಾಕುವ ಎಂಎಂಆರ್‌ನಂಥವಕ್ಕೆ ಯುಎನ್ (ಯೂನಿಟ್) 1. ಎಲೆಕ್ಟ್ರಾನಿಕ್ ಕ್ಲೇಮಿನಲ್ಲಿ ಇದು ಲೂಪ್ 2410 ಅನ್ನುವ ಭಾಗದಲ್ಲಿ ಕೂರುತ್ತದೆ; ಕಾಗದದ ಸಿಎಂಎಸ್-1500 ಕ್ಲೇಮು ಫಾರಂನಲ್ಲಿ 24ನೇ ಕಾಲಂನ ಮೇಲಿನ ಬಣ್ಣದ ಪಟ್ಟಿಯಲ್ಲಿ. ಕಾಗದದ ಫಾರಂನಲ್ಲಿ ಆರೇ ಲೈನ್ ಇರುವುದರಿಂದ ಮೇಲೆ ಬರೆದ ಕೂಸಿನ ಕ್ಲೇಮು ಎರಡನೇ ಹಾಳೆಗೆ ಹೋಗುತ್ತದೆ. ಅಂಥಲ್ಲಿ 90461 ಒಂದು ಹಾಳೆ, 90460 ಇನ್ನೊಂದು ಹಾಳೆ ಆಗದಂತೆ ನೋಡಿಕೊಳ್ಳಿ, 90461 ಒಂಟಿಯಾಗಿ ನಿಲ್ಲುವ ಕೋಡ್ ಅಲ್ಲ.

ಮೂರನೇ ಪ್ರಶ್ನೆ, ಯಾರ ಲಸಿಕೆ. 1989ರಿಂದ 91ರವರೆಗೆ ಅಮೆರಿಕದಲ್ಲಿ ದಡಾರ ಮತ್ತೆ ಹಬ್ಬಿ ಮಕ್ಕಳು ಸತ್ತ ಮೇಲೆ ಅಲ್ಲಿನ ಸರ್ಕಾರ ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್ ಅನ್ನುವ ಯೋಜನೆ ತಂದಿತು, 1994ರಲ್ಲಿ ಶುರುವಾಯಿತು. ಎಲ್ಲರೂ ವಿಎಫ್‌ಸಿ ಅನ್ನುತ್ತಾರೆ. 19 ವರ್ಷದ ಒಳಗಿನ ಮೆಡಿಕೇಡ್ (ಬಡವರಿಗೆ ಸರ್ಕಾರ ಕೊಡುವ ಇನ್ಷೂರೆನ್ಸ್) ಮಕ್ಕಳು, ಇನ್ಷೂರೆನ್ಸೇ ಇಲ್ಲದವರು, ಅಮೆರಿಕನ್ ಇಂಡಿಯನ್ ಮತ್ತು ಅಲಾಸ್ಕಾ ಮೂಲನಿವಾಸಿ ಮಕ್ಕಳು ಇದಕ್ಕೆ ಬರುತ್ತಾರೆ. ಇನ್ಷೂರೆನ್ಸ್ ಇದ್ದೂ ಲಸಿಕೆಗೆ ಕವರೇಜ್ ಇಲ್ಲದವರು ಸರ್ಕಾರದ ಮನ್ನಣೆ ಪಡೆದ ಆರೋಗ್ಯ ಕೇಂದ್ರಗಳಲ್ಲಿ ಮಾತ್ರ. ಡಿಡಕ್ಟಿಬಲ್ (ಇನ್ಷೂರೆನ್ಸ್ ಕೊಡುವ ಮೊದಲು ಮನೆಯವರೇ ಭರಿಸಬೇಕಾದ ಮೊತ್ತ) ದೊಡ್ಡದಿದೆ, ಇನ್ನೂ ತುಂಬಿಲ್ಲ ಅನ್ನುವ ಕಾರಣಕ್ಕೆ ಮಗು ವಿಎಫ್‌ಸಿಗೆ ಬರುವುದಿಲ್ಲ, ಅದಕ್ಕೆ ಇನ್ಷೂರೆನ್ಸ್ ಇದೆ ಎಂದೇ ಲೆಕ್ಕ. ಚಿಪ್ ಅನ್ನುವ ಮಕ್ಕಳ ಸರ್ಕಾರಿ ಇನ್ಷೂರೆನ್ಸ್ ಯೋಜನೆ ರಾಜ್ಯದಲ್ಲಿ ಮೆಡಿಕೇಡ್‌ನಿಂದ ಬೇರೆಯಾಗಿ ನಡೆಯುತ್ತಿದ್ದರೆ ಆ ಮಕ್ಕಳೂ ಬರುವುದಿಲ್ಲ.

ವಿಎಫ್‌ಸಿ ಲಸಿಕೆಗೆ ಕ್ಲಿನಿಕ್ಕು ಬೆಲೆ ಹಾಕುವಂತಿಲ್ಲ. ಹಾಕಿದ ಕೆಲಸಕ್ಕೆ ಮಾತ್ರ ದುಡ್ಡು, ಅದಕ್ಕೂ ಮಿತಿ ಇದೆ. ಇನ್ಷೂರೆನ್ಸ್ ಇಲ್ಲದ ತಾಯಿಗೆ ಆ ಶುಲ್ಕ ಕೊಡಲು ಆಗದಿದ್ದರೆ ಲಸಿಕೆ ನಿರಾಕರಿಸುವಂತಿಲ್ಲ. ಕ್ಲೇಮಿನಲ್ಲಿ ಲಸಿಕೆಯ ಕೋಡಿಗೆ ಎಸ್‌ಎಲ್ ಮಾಡಿಫೈಯರ್ (ಸರ್ಕಾರ ಕೊಟ್ಟ ಲಸಿಕೆ ಅಂತ ಕೋಡಿನ ಕೊನೆಗೆ ಸೇರಿಸುವ ಗುರುತು) ಕೇಳುವ ರಾಜ್ಯಗಳು ಬಹಳ. ಕೆಲವು ರಾಜ್ಯಗಳು ಲಸಿಕೆಯ ಕೋಡಿನ ಮೇಲೇ ಹಾಕಿದ ಶುಲ್ಕ ಕೊಡುತ್ತವೆ. ಹಾಗಾಗಿ ಕ್ಲಿನಿಕ್ಕು ಯಾವ ರಾಜ್ಯದ್ದು ಅಂತ ನೋಡಿ ಆ ರಾಜ್ಯದ ಮೆಡಿಕೇಡ್ ಕೈಪಿಡಿಯನ್ನು ತೆರೆದೇ ಕೂರಬೇಕು. ವಿಎಫ್‌ಸಿಯಲ್ಲಿ ಶುಲ್ಕ ಲಸಿಕೆಗೆ ಇಷ್ಟು ಅಂತ ಇರುವುದರಿಂದ 90461ಕ್ಕೆ ದುಡ್ಡು ಬರುವುದಿಲ್ಲ. ಸೊನ್ನೆ ಬೆಲೆಯ ಲಸಿಕೆ ಲೈನನ್ನು ಬಿಟ್ಟುಬಿಡೋಣ ಅಂತ ಮಾತ್ರ ಮಾಡಬೇಡಿ. ಎರಡು ವರ್ಷ ತುಂಬುವುದರೊಳಗೆ ಯಾವ ಮಗುವಿಗೆ ಯಾವ ಡೋಸ್ ಆಗಿದೆ ಎಂದು ಇನ್ಷೂರೆನ್ಸ್‌ಗಳು ಲೆಕ್ಕ ಹಾಕುವುದು ಈ ಲೈನುಗಳಿಂದಲೂ. ಲೈನ್ ಇಲ್ಲದಿದ್ದರೆ ಲಸಿಕೆ ಆದ ಮಗುವೂ ಆಗದ ಪಟ್ಟಿಗೆ ಹೋಗುತ್ತದೆ. ಇನ್ನು ಸರ್ಕಾರ ಕೊಟ್ಟ ಬಾಟಲಿಗೆ ಖಾಸಗಿ ಇನ್ಷೂರೆನ್ಸ್‌ನಿಂದ ಬೆಲೆ ಕೇಳುವುದು ವಂಚನೆ. ಲಾಟ್ ನಂಬರಿನ ಪಕ್ಕ ಯಾವ ಸ್ಟಾಕ್ ಅಂತ ಬರೆದಿರದಿದ್ದರೆ ಊಹಿಸಬೇಡಿ, ಕೇಳಿ.

ಡಯಾಗ್ನೋಸಿಸ್ ಕಡೆ ಹೆಚ್ಚು ಕಷ್ಟವಿಲ್ಲ. ಯಾವ ಲಸಿಕೆಯಾದರೂ ಝಡ್23. ತಪಾಸಣೆಯ ಜೊತೆಗೆ ಹಾಕಿದ್ದರೆ ತಪಾಸಣೆಯ ಕೋಡ್ ಮೊದಲು: ತೊಂದರೆ ಏನೂ ಕಾಣದಿದ್ದರೆ ಝಡ್00.129, ಕಿವಿ ಸೋಂಕಿನಂಥದ್ದು ಸಿಕ್ಕರೆ ಝಡ್00.121 ಮತ್ತು ಆ ತೊಂದರೆಯ ಕೋಡ್. ಹುಟ್ಟಿ 8 ದಿನದ ಒಳಗೆ ಝಡ್00.110, 8ರಿಂದ 28 ದಿನಕ್ಕೆ ಝಡ್00.111. ನರ್ಸ್ ಭೇಟಿಗೆ ಝಡ್23 ಒಂದೇ ಸಾಕು. ಪಾಲಕರು ಬೇಡ ಅಂದರೆ ಝಡ್28.82 ಹಾಕಿ, ಇದನ್ನು ಬಹಳ ಮಂದಿ ಮರೆಯುತ್ತಾರೆ.

ತಪಾಸಣೆಯ ಕೋಡಿಗೆ 25 ಮಾಡಿಫೈಯರ್, ಅಂದರೆ ತಪಾಸಣೆ ಬೇರೆಯೇ ಕೆಲಸ ಅನ್ನುವ ಗುರುತು, ಬೇಕೇ ಬೇಕು. ಅದಿಲ್ಲದಿದ್ದರೆ ಎನ್‌ಸಿಸಿಐ (ಯಾವ ಕೋಡುಗಳು ಒಟ್ಟಿಗೆ ಬರಬಾರದು ಅನ್ನುವ ಸರ್ಕಾರಿ ಪಟ್ಟಿ) ನಿಯಮದ ಪ್ರಕಾರ ತಪಾಸಣೆಯ ಲೈನ್ ಲಸಿಕೆ ಹಾಕಿದ ಲೈನಿನೊಳಗೆ ಸೇರಿಹೋಗಿ ಸಿಒ-97 (ಇನ್ನೊಂದು ಸೇವೆಯಲ್ಲೇ ಸೇರಿದೆ ಅನ್ನುವ ನಿರಾಕರಣೆ ಕೋಡ್) ಅಂತ ತಿರುಗಿ ಬರುತ್ತದೆ. 25ನ್ನು ಲಸಿಕೆಯ ಕೋಡಿಗೆ ಅಂಟಿಸಿದರೆ ಪ್ರಯೋಜನವಿಲ್ಲ. ನರ್ಸ್ ಬರೀ ಲಸಿಕೆ ಹಾಕಿ ಕಳಿಸಿದ ದಿನ 99211 (ನರ್ಸಿನ ಚಿಕ್ಕ ಭೇಟಿಯ ಕೋಡ್) ಸೇರಿಸುವುದೂ ತಪ್ಪು.

ನಮ್ಮವರು ಸುಲಭವಾಗಿ ಮಾಡುವ ಒಂದು ತಪ್ಪಿದೆ, ತಾರೀಖಿನದ್ದು. ನಾವು ದಿನ ಮೊದಲು ಬರೆಯುತ್ತೇವೆ, ಅವರು ತಿಂಗಳು ಮೊದಲು. 04/05 ಅಂದರೆ ಏಪ್ರಿಲ್ 5. ಇದು ತಲೆಕೆಳಗಾದರೆ ವಯಸ್ಸು ತಿಂಗಳುಗಟ್ಟಲೆ ಬದಲಾಗುತ್ತದೆ. ಒಂದು ವರ್ಷದ ಒಳಗೆ 99391, 1ರಿಂದ 4 ವರ್ಷಕ್ಕೆ 99392, 5ರಿಂದ 11ಕ್ಕೆ 99393, 12ರಿಂದ 17ಕ್ಕೆ 99394. ಹೊಸ ರೋಗಿಯಾದರೆ 99381ರಿಂದ ಇದೇ ಕ್ರಮ. ಹುಟ್ಟುಹಬ್ಬದ ಹಿಂದುಮುಂದಿನ ಭೇಟಿಯಲ್ಲಿ ವಯಸ್ಸನ್ನು ಕೈಯಾರೆ ಲೆಕ್ಕ ಹಾಕಿ. ಡಿಟ್ಯಾಪ್ (ಟಿಡ್ಯಾಪ್ ತಡೆಯುವ ಮೂರೇ ರೋಗಗಳಿಗೆ ಚಿಕ್ಕ ಮಕ್ಕಳ ಲಸಿಕೆ, 90700) ಏಳು ವರ್ಷದ ಒಳಗೆ, ಟಿಡ್ಯಾಪ್ ಏಳರ ಮೇಲೆ. ಹೆಪಟೈಟಿಸ್ ಬಿ ಮಕ್ಕಳದ್ದು 90744, ದೊಡ್ಡವರದ್ದು 90746. ಇಂಥಲ್ಲಿ ಅದಲು ಬದಲಾದರೆ ವಯಸ್ಸಿಗೆ ಹೊಂದುವುದಿಲ್ಲ ಅನ್ನುವ ಸಿಒ-6 ಬರುತ್ತದೆ.

ಕೋಡ್ ಪಟ್ಟಿ ಹಳೆಯದಾಗುವುದನ್ನೂ ಗಮನಿಸಿ. 2024-25ರ ಋತುವಿನಿಂದ ಅಮೆರಿಕದಲ್ಲಿ ಫ್ಲೂ ಲಸಿಕೆಗಳೆಲ್ಲ ಮೂರು ತಳಿಯವು. ನಾಲ್ಕು ತಳಿಯ 90686 ಇನ್ನೂ ಟೆಂಪ್ಲೇಟಿನಲ್ಲಿ ಕೂತಿದ್ದರೆ ತೆಗೆಸಿ. ಪ್ರಿಸರ್ವೇಟಿವ್ ಇಲ್ಲದ 0.5 ಎಂಎಲ್ ಡೋಸಿಗೆ 90656. ಐಸಿಡಿ ಅಕ್ಟೋಬರ್ 1ಕ್ಕೆ, ಸಿಪಿಟಿ ಜನವರಿ 1ಕ್ಕೆ ಬದಲಾಗುತ್ತವೆ. ಭೇಟಿಯ ದಿನ ಯಾವ ಪಟ್ಟಿ ಜಾರಿಯಲ್ಲಿತ್ತೋ ಅದೇ ನಡೆಯುವುದು, ನೀವು ಕೋಡ್ ಮಾಡುವ ದಿನದ್ದಲ್ಲ.

ದುಡ್ಡು ಬಂದ ಮೇಲೂ ಇಒಬಿ (ಯಾವ ಲೈನಿಗೆ ಎಷ್ಟು ಕೊಟ್ಟರು ಅಂತ ಪೇಯರ್ ಕಳಿಸುವ ವಿವರ) ಓದಿ. ಪಿಆರ್-1 ಅಂತ ಲಸಿಕೆಯ ಬೆಲೆ ಡಿಡಕ್ಟಿಬಲ್‌ಗೆ ಹೋಗಿದ್ದರೆ ಕೂಡಲೇ ಪಾಲಕರಿಗೆ ಬಿಲ್ ಕಳಿಸಬೇಡಿ. ಅಫೋರ್ಡಬಲ್ ಕೇರ್ ಕಾಯ್ದೆಯ ಪ್ರಕಾರ ಶಿಫಾರಸಾದ ಮಕ್ಕಳ ಲಸಿಕೆಗೆ ನೆಟ್‌ವರ್ಕ್ ಒಳಗಿನ ಕ್ಲಿನಿಕ್ಕಿನಲ್ಲಿ ಪಾಲಕರು ಏನೂ ಕೊಡಬೇಕಿಲ್ಲ. ಕಾಯ್ದೆಗೆ ಮೊದಲಿನಿಂದ ಇರುವ ಹಳೆಯ ಪ್ಲಾನುಗಳಿಗೆ ಮಾತ್ರ ವಿನಾಯಿತಿ. ಪ್ಲಾನ್ ಯಾವುದು, ಕ್ಲಿನಿಕ್ಕು ನೆಟ್‌ವರ್ಕ್‌ನಲ್ಲಿದೆಯೇ, ಝಡ್23 ಸರಿಯಾದ ಲೈನಿಗೆ ಪಾಯಿಂಟ್ ಆಗಿದೆಯೇ ನೋಡಿ. ತಪ್ಪು ನಿಮ್ಮ ಕಡೆಯದಾದರೆ ಹೊಸ ಕ್ಲೇಮು ಕಳಿಸಬೇಡಿ, ಅದು ಡೂಪ್ಲಿಕೇಟ್ ಅಂತ ಸಿಒ-18ರಲ್ಲಿ ಸಾಯುತ್ತದೆ. 22ನೇ ಬಾಕ್ಸಿನಲ್ಲಿ 7 ಮತ್ತು ಮೂಲ ಕ್ಲೇಮಿನ ನಂಬರು ಹಾಕಿ ತಿದ್ದಿದ ಕ್ಲೇಮು ಕಳಿಸಿ, ತಪ್ಪಿದ ಒಂದು ಲೈನ್ ಮಾತ್ರವಲ್ಲ, ಎಲ್ಲ ಲೈನುಗಳನ್ನೂ ಸೇರಿಸಿ. ತಪ್ಪು ಪೇಯರ್‌ನದ್ದಾದರೆ ಫೋನ್ ಮಾಡಿ: ಅಮೆರಿಕದ ಪೂರ್ವ ತೀರದಲ್ಲಿ ಬೆಳಿಗ್ಗೆ 9 ಆದಾಗ ನಮಗೆ ಬೇಸಿಗೆಯಲ್ಲಿ ಸಂಜೆ 6.30, ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನವೆಂಬರಿನಿಂದ 7.30. ಮಾತಾಡಿದವರ ಹೆಸರು ಮತ್ತು ಕಾಲ್ ರೆಫರೆನ್ಸ್ ನಂಬರನ್ನು ಆಗಲೇ ಅಕೌಂಟ್ ನೋಟಿನಲ್ಲಿ ಬರೆದುಬಿಡಿ, ಅಪೀಲಿಗೆ ಅದು ಬೇಕಾಗುತ್ತದೆ.